ಮಾಟಗಾತಿಯ ಒಲೆ

ಮಾಟಗಾತಿಯರ ಕತೆಯ ಪುಸ್ತಕವೊಂದನ್ನು ಕಾರ್ಮಿಕರ ವಾಚನಾಲಯದ ಮಕ್ಕಳ ಕಪಾಟಿನಲ್ಲಿ ಇಡಬಹುದೇ, ಕೂಡದೇ ಎಂಬ ವಿವಾದ ಕೆಲವು ವಾರಗಳಿಂದ ನಮ್ಮ ಸಂಗಾತಿಗಳಲ್ಲಿ ನಡೆದಿದೆ. ಕೂಡದು ಎನ್ನುವವರ ವಾದ ಸರಳವಾದದ್ದು. ಮಾಟ, ಮಂತ್ರ, ಮದ್ದು, ದೆವ್ವ ಎಂದು ಹೇಳಿ ಬಡವರ ಗಂಟು ಬಿಚ್ಚಿಸುವವರ ವಿರುದ್ಧ ನಾವು ವರ್ಷಾನುಗಟ್ಟಲೆ ಭಾಷಣ ಮಾಡಿದ್ದೇವೆ, ಕರಪತ್ರ ಹಂಚಿದ್ದೇವೆ. ಈಗ ನಮ್ಮದೇ ಕಪಾಟಿನಿಂದ ಮಾಟಗಾತಿಯ ಪುಸ್ತಕ ತೆಗೆದು ಮಕ್ಕಳ ಕೈಗೆ ಕೊಟ್ಟರೆ ಊರು ನಗುವುದಿಲ್ಲವೇ? ಹೀಗೆ ಕೇಳುವವರು ನಮಗೆ ಬೇಕಾದವರು. ಅವರ ಕಳಕಳಿ ಪ್ರಾಮಾಣಿಕವಾದದ್ದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅವರು ಪುಸ್ತಕದ ಹೊದಿಕೆಯನ್ನು ನೋಡಿದ್ದಾರೆಯೇ ಹೊರತು ಒಳಗಿನದನ್ನು ಓದಿಲ್ಲ. ನಾವು ಓದಿದೆವು. ಅದೇ ಲೇಖಕರ, ಅದೇ ಹುಡುಗಿಯ ಕತೆಯನ್ನು ಮುಂದುವರಿಸುವ ಇನ್ನೆರಡು ಪುಸ್ತಕಗಳನ್ನೂ ತರಿಸಿ ಓದಿದೆವು. ಈ ಪುಸ್ತಕ ಕಪಾಟಿನಲ್ಲಿ ಇರತಕ್ಕದ್ದು. ಬೀಗ ಹಾಕಿದ ಕಪಾಟಿನಲ್ಲಲ್ಲ, ಮಕ್ಕಳ ಕೈಗೆಟಕುವ ಕೆಳಗಿನ ಸಾಲಿನಲ್ಲಿ ಎಂಬುದು ನಮ್ಮ ಅಭಿಪ್ರಾಯ.

ಪುಸ್ತಕದ ಹೆಸರು 'ದಿ ವೀ ಫ್ರೀ ಮೆನ್'. 2003ರಲ್ಲಿ ಅಚ್ಚಾದದ್ದು. ಬರೆದವರು ಟೆರಿ ಪ್ರಾಚೆಟ್ ಎಂಬ ಇಂಗ್ಲಿಷ್ ಲೇಖಕರು. 1948ರಲ್ಲಿ ಹುಟ್ಟಿದ ಇವರು 2015ರಲ್ಲಿ ತೀರಿಕೊಂಡರು. ತಂದೆ ಮೆಕ್ಯಾನಿಕ್. ಮಗ ಹದಿನೇಳನೆಯ ವಯಸ್ಸಿಗೆ ಶಾಲೆ ಬಿಟ್ಟು ತಮ್ಮ ಸೀಮೆಯ ಒಂದು ವಾರಪತ್ರಿಕೆಯಲ್ಲಿ ಉಮೇದುವಾರರಾಗಿ ಸೇರಿಕೊಂಡರು. ಅಲ್ಲಿ ವರದಿ ಬರೆಯುವುದರ ಜೊತೆಗೆ ಮಕ್ಕಳ ಅಂಕಣಕ್ಕೆ ಕತೆ ಕಟ್ಟುವ ಕೆಲಸವೂ ಇವರ ಪಾಲಿಗೆ ಬಂದಿತ್ತು. ಸಣ್ಣ ಊರಿನ ವಾರಪತ್ರಿಕೆಯ ಮೂಲೆಯಲ್ಲಿ ಕೂತು ಬರೆದವರು ಹೀಗೆ ದೊಡ್ಡವರಾದರೆಂದು ಕೇಳುವುದು ನಮ್ಮಂಥವರಿಗೆ ಸಂತೋಷದ ವಿಷಯವೇ. ತಮಗೆ ವಿದ್ಯೆ ಕೊಟ್ಟದ್ದು ಶಾಲೆಗಿಂತ ಹೆಚ್ಚಾಗಿ ಊರಿನ ಸಾರ್ವಜನಿಕ ಪುಸ್ತಕಾಲಯವೆಂದು ಅವರು ಹೇಳುತ್ತಿದ್ದರು. ಅವರ ಇನ್ನೊಂದು ಕಾದಂಬರಿಯಲ್ಲಿ ಒಬ್ಬ ಪೊಲೀಸು ಅಧಿಕಾರಿ ಬೂಟುಗಳ ಲೆಕ್ಕ ಹಾಕುತ್ತಾನೆ. ಐವತ್ತು ಡಾಲರಿನ ಬೂಟು ಹತ್ತು ವರ್ಷ ಬಾಳುತ್ತದೆ; ಹತ್ತು ಡಾಲರಿನದು ಒಂದೆರಡು ಹಂಗಾಮಿಗೆ ಸವೆಯುತ್ತದೆ. ಐವತ್ತು ಒಟ್ಟಿಗೆ ಹೊಂದಿಸಲಾರದ ಬಡವ ಅದೇ ಹತ್ತು ವರ್ಷದಲ್ಲಿ ನೂರು ಡಾಲರು ಸುರಿದಿರುತ್ತಾನೆ, ಆದರೂ ಅವನ ಕಾಲು ಒದ್ದೆ. ಉದ್ರಿ ಖಾತೆಯಲ್ಲಿ ಪಾವು ಕಿಲೋ, ಅರ್ಧ ಕಿಲೋ ಎಂದು ಸಾಮಾನು ಒಯ್ಯುವವರಿಗೂ, ಬರೆದುಕೊಳ್ಳುವ ಅಂಗಡಿಕಾರರಿಗೂ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಲೇಖಕರು ಎಂಥವರು ಎಂಬುದಕ್ಕೆ ಇಷ್ಟು ಸಾಕು.

ಇನ್ನು ಕತೆ. ಸುಣ್ಣಕಲ್ಲಿನ ಬೋಳುಗುಡ್ಡಗಳ ಒಂದು ಕುರಿಗಾರ ಸೀಮೆ. ಲೇಖಕರು ಕಲ್ಪಿಸಿದ ಲೋಕವಾದರೂ ತೆಂಕಣ ಇಂಗ್ಲೆಂಡಿನ ಗುಡ್ಡಗಳನ್ನೇ ಕಣ್ಣೆದುರಿಗಿಟ್ಟುಕೊಂಡು ಬರೆದದ್ದು ಸ್ಪಷ್ಟ. ಭೂಮಿಯೆಲ್ಲ ಬ್ಯಾರನ್ ಎಂಬ ಜಹಗೀರುದಾರನದು. ಅವನ ಗೇಣಿದಾರರ ಮನೆಯ ಹುಡುಗಿ ಟಿಫನಿ ಏಕಿಂಗ್. ವಯಸ್ಸು ಒಂಬತ್ತು. ಬೆಣ್ಣೆ ತೆಗೆಯುವುದು, ಗಿಣ್ಣದ ಗಟ್ಟಿ ಮಾಡುವುದು, ಅಂಟುಮೋರೆಯ ತಮ್ಮನನ್ನು ನೋಡಿಕೊಳ್ಳುವುದು ಅವಳ ಕೆಲಸ. ಊರಲ್ಲಿ ಶಾಲೆಯಿಲ್ಲ. ಅಲೆಮಾರಿ ಮೇಷ್ಟರುಗಳು ಬಂದು ಡೇರೆ ಹಾಕಿ, ಮೊಟ್ಟೆಗೋ ತರಕಾರಿಗೋ ಇಷ್ಟಿಷ್ಟು ಪಾಠ ಮಾರುತ್ತಾರೆ. ಮನೆಯಲ್ಲಿದ್ದ ನಿಘಂಟನ್ನು ಈ ಹುಡುಗಿ ಕತೆಯ ಪುಸ್ತಕದಂತೆ ಮೊದಲಿನಿಂದ ಕಡೆಯತನಕ ಓದಿಬಿಟ್ಟಿದ್ದಾಳೆ. ನಿಘಂಟನ್ನು ಹಾಗೆ ಓದುವುದಿಲ್ಲವೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಒಂದು ದಿನ ಹೊಳೆಯಿಂದ ಹಸುರು ಹಲ್ಲಿನ ರಾಕ್ಷಸಿಯೊಂದು ತಲೆಯೆತ್ತುತ್ತದೆ. ಅದರ ಕಣ್ಣು ಸೂಪಿನ ತಟ್ಟೆಯಷ್ಟು ದೊಡ್ಡದೆಂದು ಹಳೆಯ ಕತೆ ಪುಸ್ತಕದಲ್ಲಿ ಬರೆದಿದೆ. ನಮ್ಮ ನಿಮ್ಮ ಮಕ್ಕಳಾದರೆ ಚೀರಿಕೊಂಡು ಓಡಿಯಾರು. ಟಿಫನಿ ಅಡಿಗೆಮನೆಗೆ ಹೋಗಿ ಸೂಪಿನ ತಟ್ಟೆಯನ್ನು ಅಳೆಯುತ್ತಾಳೆ. ಎಂಟು ಅಂಗುಲ. ಆಮೇಲೆ ಬಾಣಲೆ ಹಿಡಿದುಕೊಂಡು ಬಂದು ರಾಕ್ಷಸಿಯ ಮೋರೆಗೆ ಬಾರಿಸುತ್ತಾಳೆ. ತಮ್ಮನನ್ನೇ ಗಾಳಕ್ಕೆ ಸಿಕ್ಕಿಸಿದ ಎರೆಹುಳುವಿನಂತೆ ಹೊಳೆದಂಡೆಯಲ್ಲಿ ಕೂರಿಸಿದ್ದಳೆಂಬುದನ್ನು ತಾಯಂದಿರು ಓದಿ ಸಿಟ್ಟಾಗಬಹುದು. ಆ ಸಿಟ್ಟು ನ್ಯಾಯವಾದದ್ದೇ.

ಮೂಢನಂಬಿಕೆ ಹರಡುತ್ತದೆಂದು ಹೆದರುವ ಸಂಗಾತಿಗಳು ಇದನ್ನು ಗಮನಿಸಬೇಕು. ರಾಕ್ಷಸಿಯ ಕಣ್ಣನ್ನು ಅಡಿಪಟ್ಟಿಯಿಂದ ಅಳೆಯುವ ಹುಡುಗಿ ಇವಳು. ಮನೆಯ ಕತೆ ಪುಸ್ತಕದಲ್ಲಿ ಇಬ್ಬರು ಮಕ್ಕಳು ಮಾಟಗಾತಿ ಮುದುಕಿಯನ್ನು ಅವಳದೇ ಒಲೆಯೊಳಕ್ಕೆ ನೂಕಿ ಕೊಂದರು ಎಂದು ಬರುತ್ತದೆ. ಶತಮಾನಗಳಿಂದ ಯುರೋಪಿನ ಮಕ್ಕಳು ಚಪ್ಪಾಳೆ ತಟ್ಟಿ ಕೇಳಿದ ಕತೆ ಅದು. ಇವಳೊಬ್ಬಳಿಗೆ ಅನುಮಾನ: ಇಡೀ ಆಳು ಹಿಡಿಸುವ ಒಲೆ ಯಾರ ಮನೆಯಲ್ಲಿ ಇದ್ದೀತು? ಅದೇ ಪುಸ್ತಕದ ಇನ್ನೊಂದು ಕತೆಯಲ್ಲಿ ಐದು ಅವರೆಕಾಳಿಗೆ ಹಸುವನ್ನು ಕೊಟ್ಟುಬಂದ ಹುಡುಗನನ್ನು ವೀರನೆಂದು ಹೊಗಳಿರುವುದೂ ಅವಳಿಗೆ ಒಪ್ಪಿಗೆಯಿಲ್ಲ. ಸಂತೆಯಲ್ಲಿ ವ್ಯಾಪಾರ ಮಾಡುವ ನಮ್ಮ ಬಂಧುಗಳು ಈ ವಿಷಯದಲ್ಲಿ ಅವಳ ಪಕ್ಷವನ್ನೇ ಹಿಡಿದಾರು.

ಒಲೆಯ ಪ್ರಶ್ನೆ ಹುಡುಗಾಟದ್ದಲ್ಲ. ಆ ಊರಿನಲ್ಲಿ ಮಿಸೆಸ್ ಸ್ನ್ಯಾಪರ್ಲಿ ಎಂಬ ಒಂಟಿ ಮುದುಕಿಯಿದ್ದಳು. ಬಾಯಲ್ಲಿ ಹಲ್ಲಿಲ್ಲ. ತನ್ನಷ್ಟಕ್ಕೆ ತಾನೇ ಮಾತಾಡಿಕೊಳ್ಳುತ್ತಿದ್ದಳು. ಒಂದು ಬೆಕ್ಕು ಸಾಕಿದ್ದಳು. ಬ್ಯಾರನ್ನನ ಮಗ ಕಾಡಿನಲ್ಲಿ ಕಾಣೆಯಾದ. ಹುಡುಕಿದರು, ಸಿಗಲಿಲ್ಲ. ಹುಡುಗ ಎಲ್ಲಿ ಹೋದನೆಂದು ಯಾರಿಗೂ ತಿಳಿಯದಿದ್ದಾಗ ಉತ್ತರ ತಾನಾಗಿ ಎಲ್ಲರ ಬಾಯಿಗೂ ಬಂತು: ಮುದುಕಿ ಮಾಟಗಾತಿ. ಅವಳ ಪುಸ್ತಕ ಸುಟ್ಟರು, ಬೆಕ್ಕನ್ನು ಕೊಂದರು, ಅವಳನ್ನು ಗುಡಿಸಲಿನಿಂದ ಹೊರಹಾಕಿದರು. ಚಳಿಗಾಲ. ಯಾರ ಮನೆಯ ಬಾಗಿಲೂ ಅವಳಿಗೆ ತೆರೆಯಲಿಲ್ಲ. ಹಿಮದಲ್ಲಿ ಸತ್ತುಹೋದಳು. ಮಾಡಿದವರು ಪರವೂರಿನ ಪುಂಡರಲ್ಲ. ಟಿಫನಿ ದಿನಾ ಕಾಣುವ ನೆರೆಹೊರೆಯವರು, ಬೇರೆ ದಿನಗಳಲ್ಲಿ ಸಭ್ಯರಾದ ಜನ. ಊರಿನ ಯಾವ ಹಿರಿಯರೂ ಕೇಳದಿದ್ದ ಪ್ರಶ್ನೆಯನ್ನು ಒಂಬತ್ತು ವರ್ಷದ ಹುಡುಗಿ ಕೇಳಿದಳು. ತಾನು ದೊಡ್ಡವಳಾದ ಮೇಲೆ ಮಾಟಗಾತಿಯಾಗುತ್ತೇನೆಂದು ಅವಳು ನಿಶ್ಚಯಿಸುವುದು ಈ ಸಾವಿನ ಕಾರಣದಿಂದ. ಆ ಹೆಸರನ್ನು ಹೊರಿಸಿ ಇನ್ನೊಬ್ಬಳನ್ನು ಹಿಮಕ್ಕೆ ನೂಕದಂತೆ ತಡೆಯಬೇಕಾದರೆ ಆ ಹೆಸರನ್ನು ತಾನೇ ಹೊರಬೇಕು ಎಂಬುದು ಅವಳ ವಿಚಾರ.

ಇದು ಕಾದಂಬರಿಕಾರರ ಕಲ್ಪನೆ ಎಂದು ತಳ್ಳಿಹಾಕುವಂತಿಲ್ಲ. ಸುಮಾರು 1450ರಿಂದ 1750ರವರೆಗೆ ಯುರೋಪಿನಲ್ಲಿ ಮಾಟದ ಆರೋಪದ ಮೇಲೆ ಕೊಂದವರ ಸಂಖ್ಯೆ 40,000ದಿಂದ 60,000 ಎಂದು ಇತಿಹಾಸಕಾರರ ಅಂದಾಜು. ಅವರಲ್ಲಿ ಹೆಚ್ಚಿನವರು ಹೆಂಗಸರು. ಇಂಗ್ಲೆಂಡಿನ ಸಿಂಹಾಸನವೇರಿದ ಒಂದನೆಯ ಜೇಮ್ಸ್ ದೊರೆ ಅದಕ್ಕೆ ಮುಂಚೆ, 1597ರಲ್ಲಿ, ಮಾಟಗಾತಿಯರನ್ನು ಹಿಡಿದು ಶಿಕ್ಷಿಸುವುದನ್ನು ಸಮರ್ಥಿಸಿ ಸ್ವತಃ ಒಂದು ಗ್ರಂಥ ಬರೆದಿದ್ದ. ಅರಸನೇ ಗ್ರಂಥಕರ್ತನಾದ ಮೇಲೆ ನ್ಯಾಯಾಧೀಶರಿಗೆ ಕೊರತೆಯೇ?

ಲ್ಯಾಂಕಷೈರಿನ ಪೆಂಡಲ್ ಬೆಟ್ಟದ ಪ್ರಕರಣವನ್ನು ನಮ್ಮ ಗಿರಣಿ ಬಂಧುಗಳು ತಿಳಿದಿರಬೇಕು. ಮುಂದೆ ಬರ್ನ್‌ಲಿ, ನೆಲ್ಸನ್ ಮುಂತಾದ ನೇಯ್ಗೆ ಗಿರಣಿಗಳ ಊರುಗಳು ಬೆಳೆದದ್ದು ಈ ಬೆಟ್ಟದ ಬುಡದಲ್ಲಿ. ನಮ್ಮ ಧಾರವಾಡ ಸೀಮೆಯ ಹತ್ತಿ ಹಡಗು ಹತ್ತಿ ಹೋದದ್ದೂ ಲ್ಯಾಂಕಷೈರಿಗೇ. ಆದರೆ ನಾವು ಹೇಳುವುದು ಗಿರಣಿಗಳಿಗಿಂತ ಬಹಳ ಹಿಂದಿನ ಮಾತು. 1612ರ ಮಾರ್ಚಿಯಲ್ಲಿ ಜಾನ್ ಲಾ ಎಂಬ ಒಬ್ಬ ತಿರುಗಾಟದ ವ್ಯಾಪಾರಿ ಗಂಟು ಹೊತ್ತು ಹೋಗುತ್ತಿದ್ದ. ದಾರಿಯಲ್ಲಿ ಅಲಿಜನ್ ಡಿವೈಸ್ ಎಂಬ ಬಡ ಹುಡುಗಿ ಗುಂಡುಸೂಜಿ ಕೇಳಿದಳು. ಅಷ್ಟಕ್ಕಾಗಿ ಗಂಟು ಬಿಚ್ಚಲಾರೆನೆಂದ. ಸ್ವಲ್ಪ ಹೊತ್ತಿನಲ್ಲೇ ಕುಸಿದುಬಿದ್ದ. ಇಂದಿನ ಯಾವ ವೈದ್ಯರೂ ಲಕ್ವ ಎಂದು ಹೇಳಿಯಾರು. ಅಂದು ಮಾಟ ಎಂದರು. ವಿಚಿತ್ರವೆಂದರೆ ಅಲಿಜನ್ ತಾನೇ ಹಾಗೆ ನಂಬಿದಳು. ತನ್ನ ಶಾಪವೇ ತಗಲಿತೆಂದು ಅತ್ತು ಕ್ಷಮೆ ಕೇಳಿದಳು. ಅವಳ ಅಜ್ಜಿ ಕಣ್ಣು ಕಾಣದ, ಎಂಬತ್ತರ ಆಸುಪಾಸಿನ ಮುದುಕಿ. ವಿಚಾರಣೆಗೆ ಮುಂಚೆ ಸೆರೆಮನೆಯಲ್ಲೇ ಸತ್ತಳು. ಆಗಸ್ಟಿನಲ್ಲಿ ಲ್ಯಾಂಕಾಸ್ಟರಿನಲ್ಲಿ ಹತ್ತು ಜನರನ್ನು ನೇಣಿಗೇರಿಸಿದರು.

ಆ ವಿಚಾರಣೆಯ ಮುಖ್ಯ ಸಾಕ್ಷಿ ಯಾರು ಗೊತ್ತೇ? ಅಲಿಜನ್‌ಳ ತಂಗಿ ಜೆನೆಟ್. ವಯಸ್ಸು ಸುಮಾರು ಒಂಬತ್ತು. ನ್ಯಾಯಾಲಯದಲ್ಲಿ ಎಲ್ಲರಿಗೂ ಕಾಣಲೆಂದು ಅವಳನ್ನು ಮೇಜಿನ ಮೇಲೆ ನಿಲ್ಲಿಸಿದರು. ತಾಯಿ ಎದುರಿಗೆ ನಿಂತು ಕೂಗಾಡಿದಾಗ ತಾಯಿಯನ್ನು ಹೊರಗೆ ಕಳಿಸಿ ಹೇಳಿಕೆ ತೆಗೆದುಕೊಂಡರು. ಹುಡುಗಿ ತಾಯಿ, ಅಣ್ಣ, ಅಕ್ಕ ಎಲ್ಲರ ಕಡೆಗೂ ಬೆರಳು ತೋರಿಸಿದಳು. ಮೂವರೂ ನೇಣಿಗೆ ಹೋದರು. ಇಪ್ಪತ್ತೆರಡು ವರ್ಷಗಳ ಮೇಲೆ, 1634ರಲ್ಲಿ, ಅದೇ ಸೀಮೆಯಲ್ಲಿ ಹತ್ತು ವರ್ಷದ ಹುಡುಗನೊಬ್ಬನ ಮಾತಿನ ಮೇಲೆ ಇನ್ನೊಂದು ಮಾಟದ ವಿಚಾರಣೆ ನಡೆಯಿತು. ಕಟ್ಟಿ ಹೇಳಿದೆನೆಂದು ಹುಡುಗ ಆಮೇಲೆ ಒಪ್ಪಿಕೊಂಡ. ಆ ಆರೋಪಿಗಳ ಪಟ್ಟಿಯಲ್ಲಿ ಜೆನೆಟ್ ಡಿವೈಸ್ ಎಂಬ ಹೆಸರಿದೆ.

ಎರಡು ಹುಡುಗಿಯರು, ಇಬ್ಬರಿಗೂ ಒಂಬತ್ತು ವರ್ಷ. ಒಬ್ಬಳು ಇತಿಹಾಸದವಳು, ಅವಳಿಗೆ ಹಿರಿಯರು ಬೆರಳು ತೋರಿಸುವುದನ್ನು ಕಲಿಸಿ ಮೇಜಿನ ಮೇಲೆ ನಿಲ್ಲಿಸಿದರು. ಇನ್ನೊಬ್ಬಳು ಕಾದಂಬರಿಯವಳು, ಒಲೆಯ ಅಳತೆ ಎಷ್ಟು ಎಂದು ಕೇಳಿದಳು. ನಮ್ಮ ಮಕ್ಕಳ ಕಪಾಟಿನಲ್ಲಿ ಯಾರಿರಬೇಕು ಎಂಬುದೇ ನಮ್ಮ ಮುಂದಿರುವ ಪ್ರಶ್ನೆ.

ಮುದುಕಿಯರ ಮೇಲೆಯೇ ಈ ಅಪವಾದ ಯಾಕೆ ಬರುತ್ತದೆ? ಕೀತ್ ಥಾಮಸ್ ಎಂಬ ಇತಿಹಾಸಕಾರರು 1971ರಲ್ಲಿ ಪ್ರಕಟವಾದ ದೊಡ್ಡ ಗ್ರಂಥದಲ್ಲಿ ಇಂಗ್ಲೆಂಡಿನ ಹಳೆಯ ಕಡತಗಳನ್ನು ಶೋಧಿಸಿ ಒಂದು ಸಂಗತಿಯನ್ನು ಎತ್ತಿತೋರಿಸಿದರು. ಬಡ ಮುದುಕಿ ನೆರೆಮನೆಗೆ ಹೋಗಿ ಹಾಲೋ ಮಜ್ಜಿಗೆಯೋ ಕೇಳುತ್ತಾಳೆ. ಹಿಂದಿನ ಕಾಲದ ಪದ್ಧತಿಯಂತೆ ಕೊಡಬೇಕು. ಆದರೆ ಕಾಲ ಬದಲಾಗುತ್ತಿದೆ, ಭೂಮಿಗೆ ಬೇಲಿ ಬೀಳುತ್ತಿದೆ, ಬಡವರನ್ನು ನೋಡಿಕೊಳ್ಳುವ ಭಾರ ಯಾರದೆಂಬುದೇ ಅನಿಶ್ಚಿತ. ನೆರೆಯವನು ಇಲ್ಲವೆಂದು ಕಳಿಸುತ್ತಾನೆ. ಅವಳು ಗೊಣಗುತ್ತ ಹೋಗುತ್ತಾಳೆ. ನಾಳೆ ಅವನ ಹಸು ಸತ್ತರೆ, ಮಗುವಿಗೆ ಜ್ವರ ಬಂದರೆ, ಅವನಿಗೆ ಥಟ್ಟನೆ ನೆನಪಾಗುವುದು ಆ ಗೊಣಗಾಟ. ಅಂದರೆ ಮಾಟದ ಭಯ ಹುಟ್ಟುವುದು ಎಷ್ಟೋ ಸಲ ಕೊಡದವನ ಮನಸ್ಸಿನ ಅಳುಕಿನಿಂದ. ತಪ್ಪು ಮಾಡಿದವನು ತಾನು, ಅಪರಾಧಿ ಮುದುಕಿ! ಪೆಂಡಲ್ಲಿನ ವ್ಯಾಪಾರಿಯ ಗಂಟು ಬಿಚ್ಚಿದ್ದರೆ ಹತ್ತು ಜನ ಉಳಿಯುತ್ತಿದ್ದರೆಂದು ನಾವು ಹೇಳುವುದಿಲ್ಲ, ಅಷ್ಟು ಸುಲಭವಲ್ಲ. ಆದರೆ ಹುಡುಗಿಗೆ ಬೇಕಾಗಿದ್ದದ್ದು ಗುಂಡುಸೂಜಿ ಎಂಬುದನ್ನು ಮರೆಯಬಾರದು.

ಇದು ಇಂಗ್ಲಿಷರ ಪಾಪ, ನಮಗೇನು ಎಂದು ಕೈತೊಳೆದುಕೊಳ್ಳುವವರಿಗೆ ಒಂದೆರಡು ಮಾತು. ಹೆಂಗಸನ್ನು ಡಾಯನ್ ಎಂದು ಕರೆದು ಹಿಂಸಿಸುವುದನ್ನು ತಡೆಯಲು ಬಿಹಾರ 1999ರಲ್ಲಿ ಕಾಯಿದೆ ಮಾಡಬೇಕಾಯಿತು, ಝಾರ್ಖಂಡ 2001ರಲ್ಲಿ, ಅಸ್ಸಾಂ ಶಾಸನಸಭೆ 2015ರಲ್ಲಿ. ಇಂಗ್ಲೆಂಡು ತನ್ನ ಮಾಟದ ಕಾನೂನನ್ನು ರದ್ದುಮಾಡಿದ್ದು 1735ರ ಶಾಸನದಿಂದ, ಲೆಕ್ಕ ಹಾಕಿಕೊಳ್ಳಿ. ಝಾರ್ಖಂಡದ ಚುಟ್ನಿ ಮಹತೋ ಎಂಬ ಹೆಣ್ಣುಮಗಳನ್ನು ಡಾಯನ್ ಎಂದು ಹೊಡೆದು ಊರು ಬಿಡಿಸಿದರು. ಅವರು ಹೆದರಿ ಅಡಗಿಕೊಳ್ಳದೆ ಅಂತಹವರನ್ನೇ ರಕ್ಷಿಸುವ ಕೆಲಸಕ್ಕೆ ನಿಂತರು. 2021ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅಸ್ಸಾಮಿನಲ್ಲಿ ಇದೇ ಹೋರಾಟ ನಡೆಸಿದ ಬೀರುಬಾಲಾ ರಾಭಾ ಅವರಿಗೂ ಅದೇ ವರ್ಷ ಬಂತು. ಆ ಸೀಮೆಗಳಲ್ಲಿ ಎಷ್ಟೋ ಪ್ರಕರಣಗಳ ಬುಡ ಅಗೆದರೆ ಸಿಗುವುದು ವಿಧವೆಯ ಹೆಸರಿನಲ್ಲಿರುವ ತುಂಡು ಭೂಮಿ. ಅವಳು ಮಾಟಗಾತಿಯಾಗಿ ಊರು ಬಿಟ್ಟರೆ ಹೊಲ ಭಾವಮೈದುನರದು. ಮಾಟ ಯಾರು ಮಾಡಿದಂತಾಯಿತು?

ನಮ್ಮಲ್ಲಿಯೂ ಬೀದರ, ಕಲಬುರ್ಗಿ ಕಡೆಯವರಿಗೆ ಭಾನಾಮತಿ ಎಂದರೆ ಬಿಡಿಸಿ ಹೇಳಬೇಕಾಗಿಲ್ಲ. ಆ ಸೀಮೆಗೆ ತಾಗಿದ ತೆಲಂಗಾಣದ ಹಳ್ಳಿಗಳಲ್ಲಿ ಭಾನಾಮತಿ ಮಾಡಿದರೆಂದು ಆರೋಪ ಹೊತ್ತವರ ಹಲ್ಲು ಕಿತ್ತ ಪ್ರಸಂಗಗಳು ನಡೆದಿವೆ. ಹಲ್ಲಿಲ್ಲದ ಬಾಯಿಂದ ಮಂತ್ರ ಸರಿಯಾಗಿ ಹೊರಡುವುದಿಲ್ಲವಂತೆ! ಕಾದಂಬರಿಯ ಮುದುಕಿ ಹಲ್ಲಿಲ್ಲದ್ದರಿಂದ ಮಾಟಗಾತಿ. ಇಲ್ಲಿ ಮಾಟ ಮಾಡಿದರೆಂದು ಹಲ್ಲು ಕಿತ್ತರು. ಯಾವ ಕಡೆಯಿಂದ ಬಂದರೂ ಸೋಲುವುದು ಒಂದೇ ಬಾಯಿ. ಕರ್ನಾಟಕವೂ 2017ರಲ್ಲಿ ವಾಮಾಚಾರ, ಅಮಾನವೀಯ ಪದ್ಧತಿಗಳ ವಿರುದ್ಧ ಕಾಯಿದೆ ಮಾಡಿತು. 2020ರ ಜನವರಿಯಲ್ಲಿ ಅದು ಜಾರಿಗೆ ಬಂತು. ಪಕ್ಕದ ಮಹಾರಾಷ್ಟ್ರದಲ್ಲಿ ಇಂತಹ ಕಾಯಿದೆಗಾಗಿ ದುಡಿದ ನರೇಂದ್ರ ದಾಭೋಲಕರ ಅವರನ್ನು 2013ರ ಆಗಸ್ಟಿನಲ್ಲಿ ಪುಣೆಯಲ್ಲಿ ಗುಂಡಿಟ್ಟು ಕೊಂದ ಮೇಲೆ ಅಲ್ಲಿಯ ಸರಕಾರಕ್ಕೆ ಅವಸರ ಬಂದದ್ದನ್ನು ನಾವು ಮರೆತಿಲ್ಲ.

ಹಾಗಿದ್ದಮೇಲೆ ಈ ನಂಬಿಕೆಯನ್ನು ಮಾರುವವರು ಯಾರು? ಕಾದಂಬರಿಕಾರರಲ್ಲ. ಬಸ್ಸಿನ ಬೆನ್ನಿಗೆ, ಶೌಚಾಲಯದ ಗೋಡೆಗೆ 'ವಶೀಕರಣ, ಶತ್ರುನಾಶ, ಫೋನಿನಲ್ಲೇ ಪರಿಹಾರ' ಎಂದು ಕಾಗದ ಅಂಟಿಸುವವರು. ಬೆಳಗಾಗುತ್ತಲೇ ದೂರದರ್ಶಕದಲ್ಲಿ ಕೂತು ಯಾರಿಗೆ ಯಾರ ದೃಷ್ಟಿ ತಗಲಿದೆಯೆಂದು ಹೇಳುವವರು. ಆ ವ್ಯವಹಾರಕ್ಕೆ ಕಪಾಟು ಬೇಕಾಗಿಲ್ಲ, ನಮ್ಮ ಅಪ್ಪಣೆಯೂ ಬೇಕಾಗಿಲ್ಲ. ನಮ್ಮ ಅಂಗಡಿಕಾರ ಬಂಧುಗಳು ಶನಿವಾರ ಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುತ್ತಾರೆ. ಕಟ್ಟಲಿ. ಎರಡು ನಿಂಬೆಹಣ್ಣಿಗಾಗಿ ಅವರೊಡನೆ ಜಗಳ ಹೂಡುವ ಉದ್ದೇಶ ನಮಗಿಲ್ಲ. ವ್ಯಾಪಾರ ಬಿದ್ದುಹೋಗಿರುವುದು ದೃಷ್ಟಿಯಿಂದಲ್ಲ, ಜನರ ಕೈಯಲ್ಲಿ ಕಾಸಿಲ್ಲದ್ದರಿಂದ ಎಂದು ಮಾತ್ರ ಹೇಳುತ್ತೇವೆ. ಆದರೆ 'ದೃಷ್ಟಿ ಹಾಕಿದವಳು ಆ ಮೂಲೆಮನೆಯ ವಿಧವೆ' ಎಂಬ ಮಾತು ಹೊರಟ ಕ್ಷಣದಿಂದ ಅದು ನಿಂಬೆಹಣ್ಣಿನ ವಿಷಯವಾಗಿ ಉಳಿಯುವುದಿಲ್ಲ.

ಈ ಪುಸ್ತಕಗಳ ಮಾಟ ಎಂಥದ್ದೆಂಬುದನ್ನೂ ಹೇಳಿಬಿಡಬೇಕು. ಎರಡನೆಯ ಪುಸ್ತಕ 'ಎ ಹ್ಯಾಟ್ ಫುಲ್ ಆಫ್ ಸ್ಕೈ', 2004ರದು. ಟಿಫನಿ ಮಾಟ ಕಲಿಯಲು ಬೆಟ್ಟದ ಊರಿಗೆ ಹೋಗುತ್ತಾಳೆ. ಕಲಿಯುವುದೇನು? ಬೆಳಿಗ್ಗೆ ಎದ್ದು ಮನೆಮನೆ ಸುತ್ತುವುದು. ಬಾಣಂತಿಯನ್ನು ನೋಡುವುದು, ಗಾಯ ತೊಳೆಯುವುದು, ಹಾಸಿಗೆ ಹಿಡಿದವರಿಗೆ ಗಂಜಿ ಕುಡಿಸುವುದು, ಸತ್ತವರ ಪಕ್ಕದಲ್ಲಿ ರಾತ್ರಿ ಕೂರುವುದು. ಸಂಬಳವಿಲ್ಲ. ಯಾರೋ ಹಳೆಯ ಬಟ್ಟೆ ಕೊಡುತ್ತಾರೆ, ಯಾರೋ ಹಂದಿ ಕೊಯ್ದಾಗ ಒಂದು ಪಾಲು ಕಳಿಸುತ್ತಾರೆ. ಇವಳು ಅದನ್ನು ಇಲ್ಲದವರ ಮನೆಗೆ ಸಾಗಿಸುತ್ತಾಳೆ. ನಮ್ಮ ಓಣಿಗಳ ಸೂಲಗಿತ್ತಿಯರು, ಇಂದು ಗೌರವಧನವೆಂಬ ಹೆಸರಿನಲ್ಲಿ ಚಿಲ್ಲರೆ ಪಡೆದು ದುಡಿಯುವ ಆಶಾ ಕಾರ್ಯಕರ್ತೆಯರು ಮಾಡುವ ಕೆಲಸವೇ ಅದು. ಬೆಳ್ಳಿಯ ಒಡವೆ ತೊಟ್ಟು, ಇಂತಹ ಕೊಳಕು ಕೆಲಸಕ್ಕೆ ಕೈಹಾಕದೆ, ಮಾಟವೆಂದರೆ ಉನ್ನತವಾದ ತತ್ತ್ವವೆಂದು ಉಪನ್ಯಾಸ ಕೊಡುವ ಇನ್ನೊಂದು ಜಾತಿಯ ಮಾಟಗಾತಿಯರೂ ಅಲ್ಲಿದ್ದಾರೆ. ಯಾರ ಮೇಲೆ ಲೇಖಕರ ಪ್ರೀತಿ, ಯಾರ ಮೇಲೆ ಅವರ ನಗು ಎಂದು ಹುಡುಗರಿಗೂ ತಿಳಿಯುತ್ತದೆ.

ಅಲ್ಲಿ ವೀವಲ್ ಎಂಬೊಬ್ಬ ಮುದುಕ ಬರುತ್ತಾನೆ. ತನ್ನ ಹೆಣ ಸಾಗಿಸುವ ಖರ್ಚು ಊರಿನ ಮೇಲೆ ಬೀಳಬಾರದೆಂದು ಪೆಟ್ಟಿಗೆಯಲ್ಲಿ ನಾಣ್ಯ ಕೂಡಿಡುತ್ತಿದ್ದಾನೆ. ಕಣ್ಣು ಸರಿಯಾಗಿ ಕಾಣದು. ಯಾರಾದರೂ ಎಣಿಸಿ ಹೇಳಬೇಕು. ಒಂದು ದುಷ್ಟ ಶಕ್ತಿ ಮೈಮೇಲೆ ಬಂದಿದ್ದಾಗ ಟಿಫನಿ ಆ ಹಣವನ್ನು ಕದಿಯುತ್ತಾಳೆ. ಎಚ್ಚರವಾದ ಮೇಲೆ ಅವಳಿಗಾಗುವ ನಾಚಿಕೆಯಿದೆಯಲ್ಲ, ಆ ಪುಟಗಳನ್ನು ಓದುವಾಗ ಸಾವಿನ ಖರ್ಚಿಗೆಂದು ಚೀಟಿ ಕಟ್ಟುವ ನಮ್ಮ ಹಿರಿಯ ಕಾಮಗಾರರು ನಮಗೆ ನೆನಪಾದರು. ಮಾಡಿದ್ದು ನಾನಲ್ಲ, ನನ್ನ ಮೈಮೇಲಿದ್ದದ್ದು ಎಂದು ಹೇಳಿ ಅವಳು ಪಾರಾಗಬಹುದಿತ್ತು. ಹಾಗೆ ಮಾಡುವುದಿಲ್ಲ. ಮೈಮೇಲೆ ಬಂದದ್ದನ್ನು ನೆಪವಾಗಿ ಬಳಸುವ ಪದ್ಧತಿ ನಮ್ಮಲ್ಲಿ ಎಷ್ಟಿದೆಯೆಂದು ಯೋಚಿಸಿದರೆ ಇದರ ಬೆಲೆ ತಿಳಿದೀತು.

ಮೊದಲ ಪುಸ್ತಕದ ಹೆಸರಿಗೆ ಕಾರಣರಾದವರು ಆರಂಗುಲ ಎತ್ತರದ, ನೀಲಿ ಮೈಯ, ಕೆಂಗೂದಲಿನ ಕುಳ್ಳರು. ಕಳ್ಳರು, ಕುಡುಕರು, ಜಗಳಗಂಟರು. ರಾಜ, ರಾಣಿ, ಒಡೆಯ, ಧಣಿ ಯಾರೂ ನಮಗಿಲ್ಲವೆಂಬುದು ಅವರ ಯುದ್ಧಘೋಷ. ಯಾವ ರಾಕ್ಷಸನಿಗೂ ಅಂಜದ ಈ ವೀರರು ವಕೀಲರ ಕಾಗದವೆಂದರೆ ಗಡಗಡ ನಡುಗುತ್ತಾರೆ! ಕೋರ್ಟು ಮೆಟ್ಟಿಲು ಹತ್ತಿಳಿದ ನಮ್ಮ ವಾಚಕರು ಈ ಭಾಗವನ್ನು ನಕ್ಕು ನಕ್ಕು ಓದಿಯಾರು. ಟಿಫನಿಯ ತಮ್ಮನನ್ನು ಹೊತ್ತೊಯ್ದ ಮಾಯಾಲೋಕದ ರಾಣಿಯೊಡನೆ ಹೋರಾಡುವಾಗ ಅವಳ ಸೈನ್ಯ ಇವರೇ. ಆ ರಾಣಿ ಮಗುವನ್ನು ಮಿಠಾಯಿಯ ರಾಶಿಯ ನಡುವೆ ಕೂರಿಸಿದ್ದಾಳೆ. ಒಂದನ್ನು ಆರಿಸಿದರೆ ಉಳಿದವು ತಪ್ಪುತ್ತವೆಂದು ಮಗು ಏನನ್ನೂ ತಿನ್ನಲಾರದೆ ಅಳುತ್ತಿದೆ. ಮೊಬೈಲಿನ ಪರದೆಯಲ್ಲಿ ಸಾಮಾನಿನ ರಾಶಿ ನೋಡುತ್ತ ಕೂತ ನಮ್ಮ ಯುವಕರ ಮುಖ ನೆನೆಸಿಕೊಳ್ಳಿ. ರಾಣಿಯ ಆಯುಧ ಕನಸು. ಟಿಫನಿಯ ಆಯುಧ, ಎದುರಿಗಿರುವುದನ್ನು ಇರುವಂತೆಯೇ ನೋಡುವುದು, ತನ್ನ ಯೋಚನೆಯನ್ನೇ ಇನ್ನೊಮ್ಮೆ ಪರೀಕ್ಷಿಸುವುದು. ಇದನ್ನು ಮೂಢನಂಬಿಕೆ ಎನ್ನುವುದಾದರೆ ವಿಚಾರವಾದ ಎಂಬುದಕ್ಕೆ ಬೇರೆ ಹೆಸರು ಹುಡುಕಬೇಕಾದೀತು.

ಇಷ್ಟು ಹೊಗಳಿದ ಮೇಲೆ ನಮ್ಮ ತಕರಾರನ್ನೂ ಹೇಳುತ್ತೇವೆ. ಕತೆಯ ಕೊನೆಗೆ ಟಿಫನಿ ತಮ್ಮನ ಜೊತೆಗೆ ಬ್ಯಾರನ್ನನ ಮಗನನ್ನೂ ಬಿಡಿಸಿ ತರುತ್ತಾಳೆ. ಮುದುಕಿಯನ್ನು ಯಾರಿಗಾಗಿ ಹಿಮಕ್ಕೆ ನೂಕಿದ್ದರೋ ಅದೇ ಹುಡುಗ, ಜೀವಸಹಿತ. 'ನಮ್ಮ ಚಿಕ್ಕ ಧಣಿಯೇ ಹುಡುಗಿಯನ್ನು ಕಾಪಾಡಿದ' ಎಂದು ಊರೆಲ್ಲ ಕೊಂಡಾಡುತ್ತದೆ. ದುಡಿದವಳು ಗೇಣಿದಾರನ ಮಗಳು, ಹೆಸರು ಜಹಗೀರುದಾರನ ಮಗನಿಗೆ. ಇದನ್ನು ಲೇಖಕರು ಕಂಡಿದ್ದಾರೆ, ಚುಚ್ಚಿಯೂ ಬರೆದಿದ್ದಾರೆ. ಆದರೆ ಮುಂದೇನು? ನೀನು ಬ್ಯಾರನ್ ಆದಾಗ ನ್ಯಾಯವಾಗಿ ನಡೆದುಕೊಳ್ಳಬೇಕೆಂದು ಟಿಫನಿ ಆ ಹುಡುಗನಿಗೆ ತಾಕೀತು ಮಾಡುತ್ತಾಳೆ. ಅಷ್ಟೇ. ಹೊಲ ಬ್ಯಾರನ್ನನದಾಗಿಯೇ ಉಳಿಯುತ್ತದೆ.

2010ರ 'ಐ ಶಲ್ ವೇರ್ ಮಿಡ್‌ನೈಟ್' ಎಂಬ ಪುಸ್ತಕದಲ್ಲಿ ಅವಳಿಗೆ ಹದಿನಾರರ ಹತ್ತಿರ. ಸಾಯುತ್ತಿರುವ ಹಳೆಯ ಬ್ಯಾರನ್ನನ ನೋವನ್ನು ದಿನಾ ಇಳಿಸಿ ಆರೈಕೆ ಮಾಡಿದವಳು ಅವಳು. ಅವನು ಸತ್ತೊಡನೆ ಹಣ ಕದ್ದಳೆಂಬ ಅಪವಾದ ಬರುವುದೂ ಅವಳ ಮೇಲೆಯೇ. ಯಾವುದೋ ಕಾಲದಲ್ಲಿ ಮಾಟಗಾತಿಯರನ್ನು ಸುಡಿಸಿದವನೊಬ್ಬನ ಪ್ರೇತ ಊರಿನವರ ಮನಸ್ಸಿನಲ್ಲಿ ವಿಷ ಬಿತ್ತುತ್ತದೆ. ನಿನ್ನೆ ಇವಳಿಂದ ಮದ್ದು ತೆಗೆದುಕೊಂಡವರೇ ಇಂದು ಮುಖ ತಿರುಗಿಸುತ್ತಾರೆ. ಈ ಪುಸ್ತಕ ಮೂರರಲ್ಲಿ ಹೆಚ್ಚು ಕಠೋರವಾದದ್ದು. ತಂದೆಯಿಂದಲೇ ಹೊಡೆತ ತಿಂದು ಗರ್ಭ ಕಳೆದುಕೊಂಡ ಹದಿಮೂರು ವರ್ಷದ ಹುಡುಗಿಯ ಪ್ರಸಂಗವಿದೆ. ಇದನ್ನು ಹತ್ತನೆಯ ತರಗತಿ ದಾಟಿದವರಿಗೆ ಕೊಡುವುದು ಮೇಲು. ಕೊನೆಗೆ ಟಿಫನಿ ಹೊಸ ಬ್ಯಾರನ್ನನ ಮುಂದೆ ಬೇಡಿಕೆ ಇಡುತ್ತಾಳೆ: ಊರಿಗೆ ಶಾಲೆ ಬೇಕು, ಆ ನೀಲಿ ಕುಳ್ಳರಿರುವ ನೆಲ ಅವರದೆಂದು ಕಾಗದವಾಗಬೇಕು. ಒಳ್ಳೆಯ ಬೇಡಿಕೆಗಳು, ನಮ್ಮ ಯಾವ ಸಂಘವೂ ರುಜು ಹಾಕಬಹುದು. ಆದರೆ ಅವಳೊಬ್ಬಳೇ ಕೇಳುತ್ತಾಳೆ, ಅವನೊಬ್ಬನೇ ಕೊಡುತ್ತಾನೆ. ಕೊಟ್ಟವನ ಮಗ ನಾಳೆ ಕಿತ್ತುಕೊಂಡರೆ? ಗೇಣಿದಾರರು ಒಂದು ಸಭೆ ಸೇರಿದ್ದನ್ನು ಈ ಮೂರು ಪುಸ್ತಕಗಳಲ್ಲಿ ನಾವು ಕಾಣಲಿಲ್ಲ. ಮಾಟಗಾತಿಯರೂ ಒಬ್ಬೊಬ್ಬರೇ ದುಡಿದು ಒಬ್ಬೊಬ್ಬರೇ ಸವೆಯುತ್ತಾರೆ. ಶಕ್ತಿಯುಳ್ಳವರು ಇಲ್ಲದವರಿಗಾಗಿ ದುಡಿಯಬೇಕು, ಮಾತು ಬಲ್ಲವರು ಬಾಯಿಲ್ಲದವರ ಪರವಾಗಿ ನಿಲ್ಲಬೇಕು ಎಂಬ ನೀತಿಯನ್ನು ಟಿಫನಿ ತನ್ನ ಕುರಿಗಾಹಿ ಅಜ್ಜಿಯಿಂದ ಕಲಿತಳು. ಬಾಯಿಲ್ಲದವರು ಹತ್ತು ಜನ ಕೂಡಿದರೆ ಅವರಿಗೇ ಬಾಯಿ ಬರುತ್ತದೆಂಬುದನ್ನು ಆ ಅಜ್ಜಿ ಹೇಳಿಕೊಟ್ಟಿರಲಿಲ್ಲ. ನಮ್ಮ ಮಕ್ಕಳು ಪುಸ್ತಕ ಓದಿ ಮುಗಿಸಿದ ಮೇಲೆ ಈ ಪ್ರಶ್ನೆಯನ್ನು ಅವರ ಮುಂದೆ ಇಡುವ ಕೆಲಸ ನಮ್ಮದು. ತಕರಾರಿದೆಯೆಂದು ಪುಸ್ತಕವನ್ನೇ ಹೊರಗಿಡುವುದು ತರವಲ್ಲ. ಹಾಗೆ ಹೊರಗಿಡುತ್ತ ಹೋದರೆ ಕಪಾಟಿನಲ್ಲಿ ನಮ್ಮ ವಾರ್ಷಿಕ ವರದಿಗಳು ಮಾತ್ರ ಉಳಿದಾವು.

ಭಾಷೆಯ ತೊಡಕು ಇದ್ದೇ ಇದೆ. ಇಂಗ್ಲಿಷಿನಲ್ಲಿ, ಅದರಲ್ಲೂ ಆ ನೀಲಿ ಕುಳ್ಳರ ಸ್ಕಾಟ್ಲೆಂಡಿನ ಆಡುನುಡಿಯಲ್ಲಿ, ನಮ್ಮ ಮಕ್ಕಳು ತಡವರಿಸುವುದು ಸಹಜ. ಓದಬಲ್ಲ ತರುಣರು ಭಾನುವಾರ ಸಂಜೆ ಒಂದೊಂದು ಅಧ್ಯಾಯವನ್ನು ಓದಿ ಕನ್ನಡದಲ್ಲಿ ಹೇಳಲು ಮುಂದೆ ಬರಲಿ. ಕುಳ್ಳರಿಗೆ ನಮ್ಮ ಗಿರಣಿ ಚಾಳಿನ ಮಾತನ್ನು ಕೊಟ್ಟರೆ ಚೆನ್ನಾಗಿ ಒಪ್ಪೀತು. ಆಕ್ಷೇಪಣೆಯುಳ್ಳ ಸಂಗಾತಿಗಳು ಮೊದಲ ಭಾನುವಾರ ತಪ್ಪದೆ ಬಂದು ಮುಂದಿನ ಸಾಲಿನಲ್ಲಿ ಕೂರಬೇಕು. ಆಮೇಲೆಯೂ ಆಕ್ಷೇಪಣೆ ಉಳಿದಿದ್ದರೆ ಬರೆದುಕೊಡಲಿ. ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.